ಎರಡು ಕೋಟ್ಸ್ ಮರೆತಿದ್ದಕ್ಕೆ ಸರ್ವರ್ ಯಾಕೆ ಸುಸ್ತಾಯ್ತು?

ಇವತ್ತು ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಕೆಲಸಕ್ಕೆ ಸೇರಿದ ಹೊಸತು. ಫೋನ್ ನಂಬರ್ ಕೊಟ್ಟರೆ ಆ ಗ್ರಾಹಕರ ಆರ್ಡರ್‌ಗಳನ್ನು ತೋರಿಸುವ ಪುಟವೊಂದನ್ನು ಬರೆದಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿದ್ದದ್ದು 200 ಸಾಲಿನ ಟೇಬಲ್, ಉತ್ತರ ಥಟ್ಟನೆ ಬರ್ತಿತ್ತು. ಅಸಲಿ ಟೇಬಲ್‌ನಲ್ಲಿ ಲಕ್ಷಗಟ್ಟಲೆ ಸಾಲು. ಪುಟ ಅಲ್ಲಿಗೆ ಹೋದ ದಿನವೇ ಸರ್ವರ್ ಏದುಸಿರು ಬಿಡೋಕೆ ಶುರು ಮಾಡ್ತು. ಫೋನ್ ಕಾಲಂಗೆ ಇಂಡೆಕ್ಸ್ ಇದ್ದರೂ ಪ್ರತಿ ಹುಡುಕಾಟಕ್ಕೂ ಇಡೀ ಟೇಬಲ್ ಓದ್ತಿತ್ತು. ರಾತ್ರಿ 11 ಗಂಟೆಗೆ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಕ್ವೆರಿ ನೋಡಿ ಕೇಳಿದ್ದು ಒಂದೇ ಮಾತು: "ಕೋಟ್ಸ್ ಎಲ್ಲಪ್ಪಾ?"

ನಾವು ಬಳಸ್ತಿದ್ದದ್ದು ಮೈಎಸ್‌ಕ್ಯೂಎಲ್. ಫೋನ್ ಕಾಲಂನ ಟೈಪ್ ವಾರ್‌ಚಾರ್, ಅಂದ್ರೆ ಪಠ್ಯ. ನಾನು ಕೋಟ್ಸ್ ಹಾಕದೆ ಕೊಟ್ಟಿದ್ದು ಸಂಖ್ಯೆ. ಎರಡನ್ನೂ ನೇರವಾಗಿ ಹೋಲಿಸೋಕಾಗಲ್ಲ. ಹಾಗಾಗಿ ಮೈಎಸ್‌ಕ್ಯೂಎಲ್ ನಮ್ಮನ್ನು ಕೇಳದೇ ಎರಡನ್ನೂ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯಾಗಿ ಬದಲಾಯಿಸಿಕೊಳ್ಳುತ್ತೆ. ಇದೇ ಇಂಪ್ಲಿಸಿಟ್ ಕನ್ವರ್ಷನ್, ಸದ್ದಿಲ್ಲದೆ ನಡೆಯುವ ಪರಿವರ್ತನೆ.

ಸರಿ, ಇಂಡೆಕ್ಸ್ ಯಾಕೆ ಕೈಕೊಟ್ಟಿತು? ಪಠ್ಯದ ಇಂಡೆಕ್ಸ್ ನಿಘಂಟಿನ ಕ್ರಮದಲ್ಲಿರುತ್ತೆ. ಅಲ್ಲಿ '10' ಅನ್ನೋದು '9'ಕ್ಕಿಂತ ಮುಂಚೆ ಬರುತ್ತೆ. ಸಾಲದ್ದಕ್ಕೆ, 7 ಅನ್ನೋ ಒಂದು ಸಂಖ್ಯೆಗೆ '7', '07', '007', '7ಎ' ಎಲ್ಲವೂ ಸಮ. ಇವೆಲ್ಲ ನಿಘಂಟಿನ ಬೇರೆ ಬೇರೆ ಪುಟಗಳಲ್ಲಿವೆ. ಯಾವುದನ್ನೂ ಬಿಡಬಾರದು ಅಂದ್ರೆ ಪ್ರತಿ ಸಾಲನ್ನೂ ತೆಗೆದು, ಸಂಖ್ಯೆ ಮಾಡಿ, ನೋಡಲೇಬೇಕು.

ಉಲ್ಟಾ ಆದರೆ? ಕಾಲಂ ಇಂಟಿಜರ್, ನೀವು ಕೊಟ್ಟಿದ್ದು ಕೋಟ್ಸ್ ಒಳಗಿನ '7'. ಆಗ ಇಂಡೆಕ್ಸ್‌ಗೆ ತೊಂದರೆ ಇಲ್ಲ. ಬದಲಾಗೋದು ನೀವು ಕೊಟ್ಟ ಆ ಒಂದು ಬೆಲೆ ಮಾತ್ರ. ಹಾಗಾಗಿ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಬದಲಾಗ್ತಿರೋದು ಕಾಲಮ್ಮೋ, ನಾನು ಕೊಟ್ಟ ಬೆಲೆಯೋ?

ನಿಧಾನವಾದರೆ ಗೊತ್ತಾಗುತ್ತೆ. ತಪ್ಪು ಉತ್ತರ ಬಂದರೆ ಗೊತ್ತೇ ಆಗಲ್ಲ, ಅದೇ ಭಯ. ಮೈಎಸ್‌ಕ್ಯೂಎಲ್‌ನಲ್ಲಿ 'ರವಿ' ಅನ್ನೋ ಪದವನ್ನು ಸಂಖ್ಯೆ ಮಾಡಿದರೆ 0 ಬರುತ್ತೆ. "ಹೆಸರು 0ಗೆ ಸಮ ಇರೋರನ್ನು ತೋರಿಸು" ಅಂತ ಸೆಲೆಕ್ಟ್ ಮಾಡಿದರೆ ರವಿ, ಗೀತಾ, ಸಲ್ಮಾ ಎಲ್ಲರೂ ಬರ್ತಾರೆ. ಜೊತೆಗೆ ಬರೋದು ಬರೀ ಒಂದು ವಾರ್ನಿಂಗ್.

ಇನ್ನೊಂದು ಅಪಾಯ ಇದೆ. ಫ್ಲೋಟಿಂಗ್ ಪಾಯಿಂಟ್‌ನ ನಿಖರತೆ 53 ಬಿಟ್. 9007199254740992 ದಾಟಿದ ಮೇಲೆ ಎಲ್ಲ ಪೂರ್ಣಾಂಕಗಳನ್ನೂ ಬೇರೆ ಬೇರೆಯಾಗಿ ಹಿಡಿದಿಡೋಕೆ ಅದಕ್ಕೆ ಆಗಲ್ಲ. 18 ಅಂಕಿಯ ಆರ್ಡರ್ ಐಡಿಯನ್ನು ಪಠ್ಯವಾಗಿಟ್ಟು ಸಂಖ್ಯೆಯಿಂದ ಹುಡುಕಿದರೆ, ಪಕ್ಕದ ಐಡಿಯೂ ಅದೇ ಅನ್ನಿಸಬಹುದು. ಅಂದ್ರೆ ಒಬ್ಬರ ಆರ್ಡರ್ ಇನ್ನೊಬ್ಬರ ಪರದೆಯಲ್ಲಿ!

ಎಲ್ಲ ಡೇಟಾಬೇಸ್‌ಗಳೂ ಹೀಗಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಮೊದಲು ಸಂಖ್ಯೆ, ದಿನಾಂಕಗಳನ್ನು ಎಷ್ಟೋ ಕಡೆ ತಾನೇ ಪಠ್ಯ ಮಾಡಿಕೊಳ್ತಿತ್ತು. 2008ರಲ್ಲಿ ಬಂದ 8.3ನೇ ಆವೃತ್ತಿಯಲ್ಲಿ ಅದನ್ನು ನಿಲ್ಲಿಸಿತು. ಈಗ ನನ್ನ ಕ್ವೆರಿಯನ್ನು ಅಲ್ಲಿ ಓಡಿಸಿದರೆ ಸೀದಾ ಎರರ್. ಆ ರಾತ್ರಿ ಅಂಥದ್ದೊಂದು ಎರರ್ ಬಂದಿದ್ರೆ ನಾನು ಹೊತ್ತಿಗೆ ಸರಿಯಾಗಿ ಮನೆ ಸೇರ್ತಿದ್ದೆ.

ನೀವು ಮಾಡಬೇಕಾದ್ದು ಇಷ್ಟೇ. ಕಾಲಂನ ಟೈಪ್ ಯಾವುದೋ, ಕೊಡುವ ಬೆಲೆಯೂ ಅದೇ ಟೈಪ್ ಇರಲಿ. ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅಂತ ಸೇರಿಸಿ ಓಡಿಸಿ. ಮೈಎಸ್‌ಕ್ಯೂಎಲ್‌ನಲ್ಲಿ ದೊಡ್ಡ ಟೇಬಲ್‌ಗೆ, ಇಂಡೆಕ್ಸ್ ಇದ್ದೂ, 'ಟೈಪ್' ಅನ್ನೋ ಜಾಗದಲ್ಲಿ 'ಆಲ್' ಅಂತ ಬಂದರೆ ನಿಂತು ನೋಡಿ. ಮತ್ತೆ, ಫೋನ್ ನಂಬರ್ ಅನ್ನೋದು ಹೆಸರಿಗಷ್ಟೇ ನಂಬರ್. ಅದನ್ನು ಯಾರೂ ಕೂಡಿಸಲ್ಲ, ಕಳೆಯಲ್ಲ. ಪಠ್ಯವಾಗೇ ಇಡಿ, ಪಠ್ಯವಾಗೇ ಹುಡುಕಿ.

ಅವತ್ತು ಎರಡು ಕೋಟ್ಸ್ ಹಾಕಿದ ಮೇಲೆ ಪುಟ ಮತ್ತೆ ಥಟ್ಟನೆ ತೆರೆದುಕೊಳ್ತು. ಮುಂದಿನ ಸಂಚಿಕೆಯಲ್ಲಿ ಸಿಗೋಣ.