ಬಯಲುಸೀಮೆಯ ಕಾಡುಸೇಬು: ಬೇಲ

ಚಳಿ ದೇಶಗಳಲ್ಲಿ ಕಾಡುಸೇಬಿನ ಮರಗಳಿವೆ. ಹಣ್ಣು ಪುಟ್ಟದು, ಬಲು ಹುಳಿ. ಆದರೂ ಅಲ್ಲಿನ ಜನ ಅದನ್ನು ಹೂವಿನ ಚೆಲುವಿಗೂ ಜೆಲ್ಲಿ ಮಾಡುವುದಕ್ಕೂ ಕೈತೋಟದಲ್ಲಿ ಬೆಳೆಸುತ್ತಾರೆ. ನಮ್ಮ ಬಯಲುಸೀಮೆಗೆ ಅಂಥ ಮರ ಯಾವುದು? ಬೇಲ ಎನ್ನಬಹುದು.

ಸಸ್ಯಶಾಸ್ತ್ರದ ಪ್ರಕಾರ ಬೇಲ ಸೇಬಿನ ನೆಂಟನಲ್ಲ, ನಿಂಬೆಯ ಕುಟುಂಬದ್ದು. ಎಲೆಯನ್ನು ಹಿಸುಕಿ ಮೂಸಿದರೆ ಇದು ತಿಳಿಯುತ್ತದೆ. ಶಾಸ್ತ್ರೀಯ ಹೆಸರು ಲಿಮೋನಿಯಾ ಆಸಿಡಿಸ್ಸಿಮ. ಎರಡನೆಯ ಪದಕ್ಕೆ 'ಅತಿ ಹುಳಿ' ಎಂದರ್ಥ. ಹೆಸರು ಹತ್ತಿರವಿರುವುದರಿಂದ ಅನೇಕರು ಇದನ್ನು ಬಿಲ್ವವೆಂದು ತಿಳಿಯುತ್ತಾರೆ. ಬಿಲ್ವಕ್ಕೆ ಮೂರು ದಳದ ಎಲೆ. ಬೇಲಕ್ಕೆ ಸಾಮಾನ್ಯವಾಗಿ 5ರಿಂದ 7 ಕಿರುಎಲೆಗಳು.

ಬಂಗಾರಪೇಟೆಯಿಂದ ಜೋಲಾರಪೇಟೆಯತ್ತ ಹೋಗುವ ರೈಲು ಕಾಮಸಮುದ್ರ ದಾಟಿದ ಮೇಲೆ ಆಂಧ್ರದ ನೆಲಕ್ಕೆ ಕಾಲಿಡುತ್ತದೆ, ತಮಿಳುನಾಡೂ ದೂರವಿಲ್ಲ. ಕನ್ನಡದ ಬೇಲ ತೆಲುಗಿನಲ್ಲಿ ವೆಲಗ, ತಮಿಳಿನಲ್ಲಿ ವಿಳಾ. ಗಡಿ ಭಾಗದ ಮಕ್ಕಳಿಗೆ ಮೂರು ಹೆಸರೂ ಸಲೀಸು. ರಾಮನವಮಿಗೆ ಬೆಲ್ಲ, ಏಲಕ್ಕಿ ಬೆರೆಸಿದ ಬೇಲದ ಪಾನಕ ನಮ್ಮ ಅನೇಕ ಮನೆಗಳ ವಾಡಿಕೆ.

ಈ ಹಣ್ಣಿಗೆ ಇನ್ನೊಬ್ಬ ಗಿರಾಕಿ ಇದ್ದಾನೆ: ಆನೆ. ಆನೆ ತಿಂದ ಬೇಲದ ಚಿಪ್ಪು ಇಡಿಯಾಗಿ ಹೊರಬರುತ್ತದೆ, ಒಳಗೆ ತಿರುಳಿರುವುದಿಲ್ಲ ಎಂಬ ನಂಬಿಕೆಯಿಂದ 'ಗಜಭುಕ್ತ ಕಪಿತ್ಥ ನ್ಯಾಯ' ಎಂಬ ಮಾತೇ ಹುಟ್ಟಿದೆ. ಹೊರಗೆ ಥಳುಕು, ಒಳಗೆ ಟೊಳ್ಳು ಎನ್ನುವುದಕ್ಕೆ ಪಂಡಿತರು ಇದನ್ನು ಬಳಸುತ್ತಾರೆ. ಬೀಜಗಳು ಲದ್ದಿಯೊಡನೆ ಕಾಡಿನಲ್ಲಿ ಹರಡುತ್ತವೆ.

ಕಾಮಸಮುದ್ರದ ರೈತರಿಗೆ ಮಾತ್ರ ಆನೆ ನ್ಯಾಯದ ಮಾತಲ್ಲ, ಹೊಲಕ್ಕೆ ನುಗ್ಗುವ ಸಂಕಟ. ಆದ್ದರಿಂದ ಕಾಡಂಚಿನ ಮನೆ, ಹೊಲಗಳ ಬದಿಯಲ್ಲಿ ಬೇಲ ಬೇಡ. ಊರೊಳಗಿನ ಶಾಲೆಯ ಆವರಣ, ದೇವಸ್ಥಾನದ ಬಯಲು, ಪೇಟೆಯ ದೊಡ್ಡ ಹಿತ್ತಿಲು ಇದಕ್ಕೆ ಯೋಗ್ಯ. ಕಾಡಿನೊಳಗಿನ ಬೇಲದ ಮರಗಳನ್ನು ಕಾಡಿಗೇ ಬಿಡುವುದು ಜಾಣತನ.

ಬೆಳೆಸುವುದು ಕಷ್ಟವಲ್ಲ. ಕಳಿತ ಹಣ್ಣಿನ ಬೀಜವನ್ನು ತೊಳೆದು, ನೆರಳಿನಲ್ಲಿ ಆರಿಸಿ, ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿದ ಚೀಲದಲ್ಲಿ ಊರಿ. ಸಸಿ ಗಟ್ಟಿಯಾದ ಮೇಲೆ ಮಳೆಗಾಲದ ಆರಂಭದಲ್ಲಿ ಎರಡಡಿ ಗುಂಡಿಗೆ ನೆಡಿ. ಮರ 30 ಅಡಿಯವರೆಗೆ ಬೆಳೆಯಬಹುದು, ಮುಳ್ಳೂ ಉಂಟು. ಗೋಡೆ ಮತ್ತು ಕಾಲುದಾರಿಯಿಂದ ದೂರವಿರಲಿ. ಮೊದಲ ಎರಡು ಬೇಸಿಗೆ ನೀರು ಕೊಟ್ಟರೆ ಆಮೇಲೆ ಅದು ಬರವನ್ನೂ ತಾಳುತ್ತದೆ. ಶಾಶ್ವತ ನದಿಯಿಲ್ಲದ ಕೋಲಾರ ಜಿಲ್ಲೆಗೆ ಇದಕ್ಕಿಂತ ದೊಡ್ಡ ಗುಣ ಬೇಕೆ? ಇಲ್ಲಿ ಸಾವಿರಾರು ಎಕರೆಯನ್ನು ನೀಲಗಿರಿ ಆವರಿಸಿತು. ಅದರ ಹೊಸ ನಾಟಿಗೆ ಸರಕಾರ ತಡೆ ಹಾಕಿದ್ದು 2017ರಲ್ಲಿ.

ಎಳೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದು ಕಂಡರೆ ಒರೆಸಿಬಿಡಬೇಡಿ. ಅದು ನಿಂಬೆ ಚಿಟ್ಟೆಯ ಮರಿಹುಳು ಇರಬಹುದು. ದಿನವೂ ಗಮನಿಸಿದರೆ ಅದು ಹಸಿರಾಗುವುದನ್ನೂ ಕೋಶ ಕಟ್ಟುವುದನ್ನೂ ವಿದ್ಯಾರ್ಥಿಗಳು ಕಣ್ಣಾರೆ ಕಾಣಬಹುದು.

ಹಣ್ಣು ಬಲಿತಿದೆಯೇ ಎಂದು ತಿಳಿಯಲು ಹಳೆಯ ಪರೀಕ್ಷೆಯೊಂದಿದೆ. ಒಂದಡಿ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಎಳೆಯದು ಪುಟಿಯುತ್ತದೆ, ಬಲಿತದ್ದು ಪುಟಿಯುವುದಿಲ್ಲ. ಬಲಿತದ್ದನ್ನು ಎರಡು ವಾರ ಬಿಸಿಲಿನಲ್ಲಿಟ್ಟರೆ ಒಳಗೆ ಕಳಿಯುತ್ತದೆ.

ಬೇಕಾದದ್ದು ತಾಳ್ಮೆ. ಬೀಜದ ಮರ ಕಾಯಿ ಬಿಡಲು 15 ವರ್ಷವಾದರೂ ಬೇಕು. ಕಸಿ ಗಿಡ ಬೇಗ ಫಸಲು ಕೊಡುತ್ತದೆ. ಐದನೇ ತರಗತಿಯಲ್ಲಿ ಬೀಜ ಊರಿದ ಹುಡುಗಿಗೆ ಹಣ್ಣು ಸಿಗುವುದು ಅವಳು ನೌಕರಿಗೆ ಸೇರುವ ಹೊತ್ತಿಗೆ. ಅಂಕಪಟ್ಟಿಗಾಗಿ ವರ್ಷಗಟ್ಟಲೆ ಕಾಯುವ ತಂದೆ-ತಾಯಿಯರು ಒಂದು ಮರಕ್ಕಾಗಿಯೂ ಕಾಯಬಹುದಲ್ಲವೇ?