ನಾಯಿ ಕುತ್ತಿಗೆಗೆ ಕಚ್ಚಿದರೆ ಮೊದಲು ಏನು ಮಾಡಬೇಕು?



ನಾಯಿ ಕಚ್ಚಿತು ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಸೂಜಿ ಹಾಕಿಸಬೇಕು ಅಂತ ಸಂಘದ ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅದು ಸರಿಯೇ. ಆದರೆ ಕಚ್ಚಿದ್ದು ಕುತ್ತಿಗೆಗೆ ಆದರೆ ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ರೇಬೀಸ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ವಾರಗಳೇ ಬೇಕು. ಕುತ್ತಿಗೆಯ ರಕ್ತನಾಳ ಹರಿದರೆ ಜೀವ ಹೋಗಲು ಕೆಲವೇ ನಿಮಿಷ ಸಾಕು.

ಕಾಲಿಗೆ ಕಚ್ಚುವ ನಾಯಿ ಕುತ್ತಿಗೆಗೆ ಹೇಗೆ ಬಾಯಿ ಹಾಕುತ್ತೆ ಅಂತ ಕೇಳಬಹುದು. ದೊಡ್ಡವರಿಗೆ ಹೆಚ್ಚಾಗಿ ಕೈ ಕಾಲಿಗೇ ಕಚ್ಚುವುದು. ಆದರೆ ಎರಡು ಮೂರು ವರ್ಷದ ಮಗು ನಿಂತರೆ ಅದರ ಮುಖ, ಕುತ್ತಿಗೆ ನಾಯಿಯ ಬಾಯಿಯ ಎತ್ತರಕ್ಕೇ ಬರುತ್ತದೆ. ಅಂಗಳದಲ್ಲಿ ಕೂತು ಆಡುವ ಕೂಸಂತೂ ಇನ್ನೂ ಕೆಳಗೆ. ಬೀದಿನಾಯಿ ಮಾತ್ರ ಅಲ್ಲ, ಉಣ್ಣುವಾಗ ತಟ್ಟೆಗೆ ಕೈ ಹಾಕಿದರೆ ಮನೆಯಲ್ಲಿ ಸಾಕಿದ ನಾಯಿಯೂ ಕಚ್ಚೀತು.

ನಿಮ್ಮ ಗಂಟಲಿನ ಪಕ್ಕ, ದವಡೆಯ ಕೆಳಗೆ ಎರಡು ಬೆರಳಿಟ್ಟು ನೋಡಿ. ಅಲ್ಲಿ ಬಡಿಯುವುದು ಕೆರೋಟಿಡ್ ಅಪಧಮನಿ. ಎಡಕ್ಕೊಂದು, ಬಲಕ್ಕೊಂದು. ಮಿದುಳಿಗೆ ರಕ್ತ ಹೋಗುವ ಮುಖ್ಯ ದಾರಿ ಅದು. ಪಕ್ಕದಲ್ಲೇ ತಲೆಯಿಂದ ಹೃದಯದ ಕಡೆಗೆ ರಕ್ತ ವಾಪಸು ತರುವ ಜುಗುಲಾರ್ ಅಭಿಧಮನಿ, ನಡುವೆ ಉಸಿರಿನ ಕೊಳವೆ. ಎದೆಗಿರುವಂತೆ ಇವಕ್ಕೆ ಎಲುಬಿನ ಗೂಡಿಲ್ಲ. ನಾಯಿಯೋ ಸುಮ್ಮನೆ ಕಚ್ಚಿ ಬಿಡುವುದಿಲ್ಲ, ಹಿಡಿದು ಜಗ್ಗಾಡುತ್ತದೆ. ಹೊರಗೆ ಎರಡು ತೂತು ಮಾತ್ರ ಕಂಡರೂ ಒಳಗೆ ಹರಿದು ಜಜ್ಜಿ ಹೋಗಿರಬಹುದು. "ಸಣ್ಣ ಗಾಯ, ಅರಿಸಿನ ಹಚ್ಚಿದ್ರೆ ಆಯ್ತು" ಅನ್ನುವ ಮಾತು ಇಲ್ಲಿ ಬೇಡವೇ ಬೇಡ. ಖಾರದ ಪುಡಿ, ಸುಣ್ಣ, ಕಾಫಿಪುಡಿಯೂ ಬೇಡ.

ರಕ್ತ ಸುರಿಯುತ್ತಿದ್ದರೆ ಕೈಗೆ ಸಿಕ್ಕ ಶುಭ್ರ ಬಟ್ಟೆ, ಏನೂ ಇಲ್ಲದಿದ್ದರೆ ಸೀರೆಯ ಸೆರಗನ್ನೇ ಮಡಿಸಿ, ರಕ್ತ ಬರುವ ಜಾಗದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತಾ ಅಂತ ಪದೇ ಪದೇ ತೆಗೆದು ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ. ಒಂದೇ ಸಲ ಕುತ್ತಿಗೆಯ ಎರಡೂ ಪಕ್ಕ ಒತ್ತಿದರೆ ಮಿದುಳಿಗೆ ರಕ್ತ ಕಡಿಮೆಯಾಗುತ್ತದೆ. ನಡುಗಂಟಲು ಒತ್ತಿದರೆ ಉಸಿರು ಕಟ್ಟುತ್ತದೆ. ಕೈಕಾಲಿಗೆ ಕಟ್ಟಿದ ಹಾಗೆ ಕುತ್ತಿಗೆ ಸುತ್ತ ಬಟ್ಟೆ ಬಿಗಿಯಲೇಬಾರದು. ಗಾಯಾಳುವನ್ನು ಮಲಗಿಸಿ, ಎದ್ದು ಕೂತಾಗ ಹರಿದ ಅಭಿಧಮನಿಯೊಳಗೆ ಗಾಳಿ ಸೇರುವ ಅಪಾಯವಿದೆ. ಬಾಯಲ್ಲಿ ರಕ್ತ ತುಂಬುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ. ಒಬ್ಬರು ಒತ್ತಿ ಹಿಡಿದಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಆಸ್ಪತ್ರೆ ಮುಟ್ಟುವವರೆಗೂ ಕೈ ತೆಗೆಯಬಾರದು.

ತೊಳೆಯುವುದು? ರಕ್ತ ಸುರಿಯುತ್ತಿರುವಾಗ ತೊಳೆಯುತ್ತಾ ಕೂರಬೇಡಿ, ಅದನ್ನು ಆಸ್ಪತ್ರೆಯಲ್ಲಿ ಮಾಡುತ್ತಾರೆ. ತರಚಿದ ಮೇಲ್ಗಾಯವಾದರೆ ಮಾತ್ರ ಮನೆಯಲ್ಲೇ ತೊಳೆದು ಹೊರಡಿ.

ರಕ್ತ ನಿಂತಿತು ಅಂತ ಮನೆಯಲ್ಲೇ ಉಳಿಯುವುದೂ ತಪ್ಪು. ಕುತ್ತಿಗೆಯಲ್ಲಿ ಬಾವು ಏರುತ್ತಾ ಹೋದರೆ, ಸ್ವರ ಒಡೆದರೆ, ನುಂಗಲು ಆಗದಿದ್ದರೆ, ಮುಟ್ಟಿದಾಗ ಚರ್ಮದಡಿ ಚರಚರ ಅಂದರೆ ಒಳಗೆ ಪೆಟ್ಟಾಗಿದೆ ಅಂತಲೇ ತಿಳಿಯಿರಿ. ಜಜ್ಜಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಗಂಟೆಗಳೋ ದಿನಗಳೋ ಕಳೆದ ಮೇಲೆ ಲಕ್ವ ಹೊಡೆದ ಹಾಗೆ ಬಾಯಿ ಸೊಟ್ಟಗಾಗುವುದು, ಒಂದು ಪಕ್ಕದ ಕೈಕಾಲು ಬಲ ಕಳೆದುಕೊಳ್ಳುವುದೂ ಉಂಟು. ಇದನ್ನು ಪತ್ತೆ ಮಾಡಲು ಸಿ.ಟಿ. ಸ್ಕ್ಯಾನ್, ಸರಿಪಡಿಸಲು ಶಸ್ತ್ರಚಿಕಿತ್ಸಕರು ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವು ಇರುವುದಿಲ್ಲ, ಆದ್ದರಿಂದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರೆ ತಡಮಾಡದೆ ಹೋಗಿ.

ಜೀವ ಉಳಿದ ಮೇಲೆ ರೇಬೀಸ್ ಮರೆಯಬಾರದು. ಅದರ ವೈರಸ್ ನರಗಳ ಮೂಲಕ ಮಿದುಳಿಗೆ ಹೋಗುತ್ತದೆ, ಕುತ್ತಿಗೆಯಿಂದ ಆ ದಾರಿ ತೀರಾ ಹತ್ತಿರ. ಹಾಗಾಗಿ ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧಿ ಚುಚ್ಚಬೇಕು. "ಡಾಕ್ಟ್ರೇ, ಅದನ್ನೂ ಕೊಟ್ರಾ?" ಅಂತ ಕೇಳಲು ಹಿಂಜರಿಯಬೇಡಿ. ಮೊದಲ ದಿನ ಸಿಗದಿದ್ದರೂ ಮೊದಲ ಲಸಿಕೆಯಿಂದ 7 ದಿನದೊಳಗೆ ಕೊಡಿಸಬಹುದು. ಚರ್ಮಕ್ಕೆ ಹಾಕುವ ಲಸಿಕೆಯಾದರೆ ಮೊದಲ ದಿನದ ನಂತರ 3ನೇ, 7ನೇ ಮತ್ತು 28ನೇ ದಿನ. ಮಾಂಸಖಂಡಕ್ಕೆ ಹಾಕುವುದಾದರೆ 14ನೇ ದಿನವೂ ಸೇರುತ್ತದೆ. ಗಾಯ ಒಣಗಿತು, ಕೂಲಿ ತಪ್ಪುತ್ತೆ ಅಂತ ತಪ್ಪಿಹೋಗುವುದು ಈ ಕೊನೆಯ ಸೂಜಿಯೇ. ಸದಸ್ಯೆಯರ ಮನೆಯಲ್ಲಿ ಯಾರಿಗಾದರೂ ನಾಯಿ ಕಚ್ಚಿದ್ದರೆ ಆ ತಾರೀಕುಗಳನ್ನು ಸಂಘದ ಪುಸ್ತಕದಲ್ಲೇ ಬರೆದಿಡಿ, ವಾರದ ಸಭೆಯಲ್ಲಿ ವಿಚಾರಿಸಿ.