ಸೇನೆಗೆ ಆಜ್ಞೆ ಕೊಡುವವರು ಯಾರು?

2006ರ ಜೂನ್‌ನಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಪುಣೆಯ ಲೋಹೆಗಾಂವ್ ವಾಯುನೆಲೆಯಿಂದ ಸುಖೋಯ್ ಯುದ್ಧವಿಮಾನದಲ್ಲಿ ಹಾರಿದರು. ಮೂರೂ ಸೇನೆಗಳ ಮಹಾದಂಡನಾಯಕರು ಅವರೇ. ಹಾಗಂತ ಆ ವಿಮಾನವನ್ನು ತಾವೇ ತೀರ್ಮಾನಿಸಿ ಯುದ್ಧಕ್ಕೆ ಕಳಿಸಬಹುದಿತ್ತಾ? ಇಲ್ಲ.

ಸಂವಿಧಾನದ 53ನೇ ವಿಧಿ ರಾಷ್ಟ್ರಪತಿಗೆ ಈ ಪದವಿ ಕೊಡುತ್ತದೆ. ಆದರೆ ಕಾನೂನಿನ ಪ್ರಕಾರವೇ ಚಲಾಯಿಸಬೇಕು ಎನ್ನುತ್ತದೆ. 74ನೇ ವಿಧಿಯ ಪ್ರಕಾರ ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಸಲಹೆಯನ್ನು ಮರುಪರಿಶೀಲನೆಗೆ ಒಮ್ಮೆ ವಾಪಸ್ ಕಳಿಸಬಹುದು. ಮತ್ತೆ ಬಂದರೆ ಒಪ್ಪಲೇಬೇಕು. 1978ರ 44ನೇ ತಿದ್ದುಪಡಿ ಕೊಟ್ಟ ಅವಕಾಶವಿದು.

ಹಾಗಾದರೆ ಇದು ಬರೀ ಅಲಂಕಾರವೇ? ಅಲ್ಲ. ಸೈನಿಕರು ಸಂವಿಧಾನಕ್ಕೆ ನಿಷ್ಠೆ, ರಾಷ್ಟ್ರಪತಿಯ ಆಜ್ಞೆಗೆ ವಿಧೇಯತೆ ಅಂತ ಪ್ರಮಾಣ ಮಾಡುತ್ತಾರೆ. ಯಾವ ಪಕ್ಷದ ನಾಯಕನಿಗೂ ಅಲ್ಲ. ತೀರ್ಮಾನ ಮಾಡುವ ಮಂತ್ರಿಗಳು ಲೋಕಸಭೆಗೆ, ಅಂದರೆ ನಮಗೇ, ಉತ್ತರ ಕೊಡಬೇಕು. ಬಂದೂಕು ಒಬ್ಬರ ಇಷ್ಟಕ್ಕೆ ಸಿಗಬಾರದು, ಅಷ್ಟೇ.